ಕೊಡು

ಕೊಂಬು ಸಿಕ್ಕಿದ್ದು ಕೆರೆಯ ಆಚೆ ದಡದ ಜೊಂಡಿನಲ್ಲಿ. ನಾಯಿ ಟಿಲ್ಲಿ ಅದನ್ನು ಕಚ್ಚಿಕೊಂಡು, ದಡ ಸುತ್ತಿ ಬರುವ ಬದಲು, ಹೆಪ್ಪುಗಟ್ಟಿದ ಕೆರೆಯ ಮೇಲೆಯೇ ನೆಟ್ಟಗೆ ಇತ್ತ ಓಡಿಬಂತು.

"ನೋಡೋ, ನೋಡೋ! ನಾನು ಬಚ್ಚಿಟ್ಟಿದ್ದಲ್ಲ ಅದು. ಈ ಸಲ ಜಿಂಕೆ ಉದುರಿಸಿ ಹೋಗಿದ್ದು!" ಎಂದು ವರ್ನಾ ತಮ್ಮ ಓರಿನ್‌ನ ತೋಳಿಗೆ ಹೊಡೆದಳು.

ಓರಿನ್ ನಗಲಿಲ್ಲ. "ಅಕ್ಕಾ, ಮಾರ್ಚ್ ಮುಗೀತಾ ಬಂತು. ಆ ಮಂಜುಗಡ್ಡೆ ತಡ್ಕೊಳ್ಳುತ್ತಾ?"

ತಡೆದುಕೊಳ್ಳಲಿಲ್ಲ. ದಡ ಇನ್ನು ಮೂವತ್ತು ಅಡಿ ಇದೆ ಎನ್ನುವಾಗ ಟಿಲ್ಲಿಯ ಹಳದಿ ಬೆನ್ನು ಒಮ್ಮೆಲೇ ಕೆಳಗೆ ಹೋಯಿತು. ಮರುಕ್ಷಣ ಕಪ್ಪು ನೀರಿನಿಂದ ತಲೆಯಷ್ಟೇ ಮೇಲೆದ್ದಿತು. ಬಾಯಲ್ಲಿ ಕೊಂಬು ಹಾಗೇ ಇತ್ತು. ನಾಯಿ ಅಂಚಿಗೆ ಮುಂಗಾಲು ಹಾಕಿ ಏಳಲು ನೋಡಿತು. ಕೊಂಬಿನ ಕವಲು ಮಂಜಿನ ಅಡಿಗೆ ಸಿಕ್ಕಿಕೊಂಡು ತಲೆಯನ್ನು ಮತ್ತೆ ನೀರಿಗೆ ಎಳೆಯಿತು.

"ಬಿಡೇ! ಟಿಲ್ಲಿ, ಬಿಡೇ ಅದನ್ನ!" ಓರಿನ್ ಕಿರುಚಿದ. ನಾಯಿ ಅವನತ್ತ ತಿರುಗಿಯೂ ನೋಡಲಿಲ್ಲ. ಅದರ ಕಣ್ಣು ವರ್ನಾಳ ಕೈಯ ಮೇಲಿತ್ತು.

ಟಿಲ್ಲಿ ಓರಿನ್‌ನ ಹೆಂಡತಿ ಆರ್ಡಿಸ್ ಸಾಕಿದ ನಾಯಿ. ಅಕ್ಟೋಬರಿನಲ್ಲಿ ಆರ್ಡಿಸ್ ತೀರಿಕೊಂಡ ಮೇಲೆ ಅದು ಬಾಗಿಲ ಬಳಿ ಮಲಗಿದ್ದು ಏಳಲೇ ಇಲ್ಲ, ಅನ್ನದ ತಟ್ಟೆ ಮುಟ್ಟಲಿಲ್ಲ. "ಜಿಂಕೆ ಉದುರಿಸಿದ ಕೊಂಬು ಹುಡುಕೋ ನಿನ್ನ ಹುಚ್ಚನ್ನ ಇದಕ್ಕೂ ಹಿಡಿಸು. ನನ್ನ ಕಣ್ಣೆದುರಿಗೆ ಇನ್ನೊಂದು ಸಾವು ಬೇಡ" ಎಂದು ಓರಿನ್ ತಂದು ಬಿಟ್ಟುಹೋಗಿದ್ದ. ವರ್ನಾ ಮೊದಲು ಅಡುಗೆಮನೆಯಲ್ಲಿ ಹಳೆಯ ಕೊಂಬೊಂದನ್ನು ಮೂಸಿಸಿದಳು, ಆಮೇಲೆ ಹಿಮದಲ್ಲಿ, ಆಮೇಲೆ ಕೊಯ್ಲಾದ ಜೋಳದ ಹೊಲದಲ್ಲಿ ಬಚ್ಚಿಟ್ಟಳು. ಟಿಲ್ಲಿ ಹುಡುಕುವುದನ್ನು ಬೇಗ ಕಲಿಯಿತು. ಆದರೆ ತರುವಾಗ ಅರ್ಧ ದಾರಿಯಲ್ಲೇ ಬೀಳಿಸಿ ಬರುತ್ತಿತ್ತು. ಆ ಚಾಳಿ ಬಿಡಿಸಲು ಆರು ವಾರ ಬೇಕಾಯಿತು. ಕೈಗೇ ತಂದು, ಅವಳು "ಕೊಡು" ಎಂದ ಮೇಲೆ ಬಿಟ್ಟರೆ ಮಾತ್ರ ಚೀಸ್ ತುಂಡು. ನಡುವೆ ಬೀಳಿಸಿದರೆ ಏನೂ ಇಲ್ಲ. ಇವತ್ತು ಓರಿನ್ ಅದನ್ನು ಮನೆಗೆ ಕರೆದೊಯ್ಯಲು ಬಂದಿದ್ದ.

"ಕೊಡು!" ವರ್ನಾ ದಡದಿಂದಲೇ ಕೂಗಿದಳು. "ಟಿಲ್ಲಿ, ಕೊಡು!" ನಾಯಿ ಕೊಡಲೆಂದೇ ಅವಳತ್ತ ಈಜಿತು. ಕವಲು ಮತ್ತೆ ಅಂಚಿಗೆ ಸಿಕ್ಕಿತು.

"ಎಂಥಾ ಪಾಠ ಹೇಳ್ಕೊಟ್ಟಿದ್ದೀಯೇ ನೀನು!" ಎಂದು ಓರಿನ್ ರೇಗಿದ. ಬೂಟುಗಾಲನ್ನು ಕೆರೆಯ ಮೇಲೆ ಇಟ್ಟೇಬಿಟ್ಟ. ಕಾಲಡಿಯಲ್ಲಿ ಮಂಜು ಕಿರ್ರೆಂದಿತು.

ವರ್ನಾ ಅವನ ಕಾಲರ್ ಹಿಡಿದು ಹಿಂದಕ್ಕೆಳೆದಳು. "ನಿನ್ನ ತೂಕಕ್ಕೆ ಇಬ್ರೂ ಮುಳುಗ್ತೀರ. ನಾನು ಹೋಗ್ತೀನಿ." ಹೆಗಲಿಗೆ ಹಾಕಿಕೊಂಡಿದ್ದ ನಾಯಿ ತರಬೇತಿಯ ಉದ್ದ ಹಗ್ಗವನ್ನು ಸೊಂಟಕ್ಕೆ ಬಿಗಿದು ಇನ್ನೊಂದು ತುದಿಯನ್ನು ಅವನ ಕೈಗೆ ತುರುಕಿದಳು.

"ಅಕ್ಕಾ, ಬೇಡ. ನಿಂಗೆ ಅರವತ್ತಮೂರು. ಹೋದ್ರೆ ನಾಯಿ ಹೋಗ್ಲಿ..." ಎನ್ನುತ್ತಲೇ ಓರಿನ್ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಹಿಡಿದ.

ಅವಳು ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಮಂಜಿನ ಮೇಲೆ ನಿಂತಿದ್ದ ನೀರು ಎದೆಗೆ ಇಳಿಯಿತು. ಮೊಣಕೈ ಊರಿದಲ್ಲೆಲ್ಲ ಕೆಳಗಿನಿಂದ ಸಣ್ಣಗೆ ಚಟಚಟ ಸದ್ದು. ಟಿಲ್ಲಿ ಈಗ ಅಂಚಿಗೆ ಕಾಲು ಹಾಕುವುದನ್ನೂ ನಿಲ್ಲಿಸಿತ್ತು. ಮೂಗು ಮತ್ತು ಕೊಂಬು ಮಾತ್ರ ಮೇಲಿದ್ದವು. ನಾನೇ ಕೊಂದೆ, ನಾನೇ ಕೊಂದೆ ಎಂದು ಅವಳ ತಲೆಯೊಳಗೆ ಒಂದೇ ಮಾತು ಸುತ್ತುತ್ತಿತ್ತು. ಕೈ ಚಾಚಿದಳು. ಕೊರಳಪಟ್ಟಿ ಎಟುಕಲಿಲ್ಲ. ಎಟುಕಿದ್ದು ಕೊಂಬಿನ ತುದಿ.

"ಬಿಡ್ಸಕ್ಕಾ! ಬಿಡ್ಸು ಅದನ್ನ!" ಹಿಂದಿನಿಂದ ಓರಿನ್ ಕೂಗುತ್ತಿದ್ದ.

ಕೈಗೆ ಕೊಂಬು ತಾಗಿದ ಕೂಡಲೇ ರೂಢಿಯಂತೆ ಆ ಮಾತು ವರ್ನಾಳ ನಾಲಿಗೆಯ ತುದಿಗೆ ಬಂತು. ಟಿಲ್ಲಿಯ ಕಿವಿ ಕೊಂಚ ನೆಟ್ಟಗಾಯಿತು. ಆ ಮಾತಿಗೇ ಅದು ಕಾಯುತ್ತಿತ್ತು. ಕೊಂಬು ಅವಳ ಕೈಗೆ ಸೇರಿದೆ, ಈಗ ಹೇಳಿದರೆ ಬಿಡುತ್ತದೆ. ಬಿಟ್ಟರೆ ಅವಳ ಕೈಯಲ್ಲಿ ಬರೀ ಕೊಂಬು ಉಳಿಯುತ್ತದೆ.

ಅವಳು ತುಟಿ ಕಚ್ಚಿ ಬಾಯಿ ಮುಚ್ಚಿದಳು. ಎರಡೂ ಕೈಯಿಂದ ಕೊಂಬನ್ನು ಬಲವಾಗಿ ಹಿಡಿದಳು. "ಓರಿನ್, ಎಳಿ!"

ಹಗ್ಗ ಬಿಗಿಯಿತು. ಟಿಲ್ಲಿ ಹಲ್ಲು ಸಡಿಲಿಸಲಿಲ್ಲ. ಅಂಚು ಒಂದು ಸಲ ಮುರಿಯಿತು, ಇನ್ನೊಂದು ಸಲ ಮುರಿಯಿತು, ವರ್ನಾಳ ಮುಖಕ್ಕೆ ನೀರು ಹೊಡೆಯಿತು. ಮೂರನೆಯ ಸಲ ಮಂಜು ತಡೆಯಿತು. ನಾಯಿಯ ಎದೆ ಮೇಲೆ ಬಂತು, ಆಮೇಲೆ ಹೊಟ್ಟೆ, ಹಿಂಗಾಲು. ಕೊಂಬನ್ನು ಒಂದು ಕಡೆಯಿಂದ ನಾಯಿ, ಇನ್ನೊಂದು ಕಡೆಯಿಂದ ಅವಳು ಹಿಡಿದಿದ್ದಂತೆಯೇ ಇಬ್ಬರೂ ದಡದವರೆಗೆ ಜಾರಿಕೊಂಡು ಬಂದರು.

ಒಣ ಹುಲ್ಲಿನ ಮೇಲೆ ವರ್ನಾ ತನ್ನ ಒದ್ದೆ ಕೈಗವಸು ಕಿತ್ತೆಸೆದು ನಾಯಿಯ ಕೆನ್ನೆ ಮುಟ್ಟಿದಳು. "ಕೊಡು" ಎಂದಳು, ಹಲ್ಲು ಕಟಕಟಿಸುತ್ತ. ಟಿಲ್ಲಿ ಕೊಟ್ಟಿತು. ಆಮೇಲೆ ಮೈ ಒದರಿ, ಅವಳ ಜೇಬು ಮೂಸಿತು.

"ಚೀಸ್ ಬೇಕಂತೆ ಮಹಾರಾಣಿಗೆ!" ವರ್ನಾ ನಗಲು ಹೋದಳು, ಅಳು ಬಂತು. "ಟ್ರಕ್ಕಿನ ಹೀಟರ್ ಹಾಕೋ, ಬೇಗ. ಹಗ್ಗ ಬಿಡು ಓರಿನ್. ಬಂದಾಯ್ತಲ್ಲ, ಬಿಡು."

ಓರಿನ್ ಬಿಡಲಿಲ್ಲ. ಹುಲ್ಲಿನ ಮೇಲೆ ಕುಕ್ಕರಿಸಿ ತನ್ನ ಕೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ. ಅಂಗೈ ಸುಲಿದು ಹಗ್ಗ ಕೆಂಪಾಗಿತ್ತು. "ಬಿಡೋಕೆ ಬರ್ತಾ ಇಲ್ಲ ಕಣಕ್ಕಾ" ಎಂದ, ಮೆಲ್ಲಗೆ.

ಅವಳು ಅವನೆದುರು ಮಂಡಿಯೂರಿ, ತಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.