ಮುಂಬೈ ಬೇಡ, ಅಕ್ಕಲಕೋಟ

ಪಡಸಾಲೆಯಿಂದ ‘ಮುಂಬೈ’ ಎಂಬ ಮಾತು ಕೇಳಿದ್ದೇ ತಡ, ರೊಟ್ಟಿ ಬಡಿಯುತ್ತಿದ್ದ ಕಲ್ಯಾಣಮ್ಮನ ಕೈ ನಿಂತುಹೋಯಿತು.

“ನೀಲವ್ವಾ, ನಿಮ್ಮವ್ವಗ ಹೇಳು. ಸಾಲಿ ಸೂಟಿ ಬಿದ್ದೈತಿ, ಮುಂಬೈ ನೋಡಿ ಬರೂಣು. ಸಮುದ್ರ, ಟ್ರಾಮು, ರಾಣಿ ಬಾಗಿನ್ಯಾಗ ಹುಲಿ. ರಾಜಧಾನಿ ಅಂದ್ರ ಅದು.”

ಹೇಳುತ್ತಿದ್ದವನು ಮಾವ ಸಾತಲಿಂಗಪ್ಪ, ಸೊಲ್ಲಾಪುರದ ಬಟ್ಟೆ ವ್ಯಾಪಾರಿ. ಕಲ್ಯಾಣಮ್ಮ ಇದ್ದದ್ದು ಗೋಡೆಯ ಈಚೆಗಷ್ಟೇ. ಆದರೆ ಮಾವ ಸೊಸೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿಲ್ಲ. ಮೊದಲು ಅತ್ತೆ ಮಾತು ದಾಟಿಸುತ್ತಿದ್ದಳು, ಆಮೇಲೆ ಗಂಡ. ಇಬ್ಬರೂ ತೀರಿದ ಮೇಲೆ ಉಳಿದವಳು ಹತ್ತು ವರ್ಷದ ಮಗಳು ನೀಲಗಂಗಾ.

“ಇಬ್ಬರಿಗೂ ಕೇಳಸ್ತೈತಲ್ಲ, ನಾ ಯಾಕ ಓಡಾಡಬೇಕು?” ಎಂದು ಗೊಣಗುತ್ತಲೇ ನೀಲಗಂಗಾ ಒಳಗೆ ಬಂದಳು.

ಮುಂಬೈ ಎಂದರೆ ಕಲ್ಯಾಣಮ್ಮನಿಗೆ ಎದೆ ಹಾರಲು ಕಾರಣವಿತ್ತು. ಅಕ್ಕಲಕೋಟದಲ್ಲಿದ್ದ ಅವಳ ಅಣ್ಣ ಗೊಲ್ಲಾಳಪ್ಪ ಹೋದ ವಾರ ಊಟಕ್ಕೆ ಬಂದವನು, ತಾಟಿನ ಮುಂದೆ ಕೂತು ದನಿ ತಗ್ಗಿಸಿ ಹೇಳಿದ್ದ: “ನಿಮ್ಮ ಮಾವ ಮುಂಬೈ ಬಂಡೆಪ್ಪ ಸಾವಕಾರಗ ಮಾತು ಕೊಟ್ಟಾನ. ಅವನ ಮಗಗ ನಮ್ಮ ನೀಲಾನ್ನ ತೊಗೋತಾರ.”

“ಹೊಸಾ ಕಾಯದೆ ಐತಲ್ಲಣ್ಣಾ? ಹದಿನಾಲ್ಕು ತುಂಬೂದ್ರಾಗ ಮದಿವಿ ಮಾಡಿದವರಿಗೆ ಜೇಲು ಅಂತ.”

“ಕಾಯದೆ ಅಂಥಾ ಮಂದಿ ಮನಿ ಮುಂದ ಚಪ್ಪಲಿ ಕಳದು ನಿಂದರತೈತಿ, ಹುಚ್ಚಿ.”

ಕಲ್ಯಾಣಮ್ಮನ ಕೊರಳಿಗೆ ತಾಳಿ ಬಿದ್ದದ್ದು ಒಂಬತ್ತರಲ್ಲಿ, ಹೆರಿಗೆಯಾದದ್ದು ಹದಿನಾಲ್ಕರಲ್ಲಿ. ಅವಳು ಸತ್ತು ಬದುಕಿದ್ದಳು. ಇನ್ನೊಂದು ಮಗುವಿಗೆ ಒಡಲು ಒಪ್ಪಲೇ ಇಲ್ಲ. ಮಗಳಿಗೆ ಇದು ಬೇಡ, ಅವಳು ಸಾಲಿ ಕಲಿಯಲಿ. ಬದುಕಿನಲ್ಲಿ ಕಲ್ಯಾಣಮ್ಮ ಹಟ ಹಿಡಿದದ್ದು ಇದೊಂದಕ್ಕೇ.

ಮಾವನ ನಡೆಯೂ ಅಣ್ಣನ ಮಾತಿಗೆ ಹೊಂದುತ್ತಿತ್ತು. ಕಾಯದೆ ಬಂದು ವರ್ಷವಾಯಿತು. ಅಂದಿನಿಂದ ಮುದುಕ ಮೊಮ್ಮಗಳನ್ನು ಕಣ್ಣಿನಿಂದಾಚೆ ಬಿಟ್ಟವನಲ್ಲ. ಸಾಲಿಗೆ ತಾನೇ ಬಿಡುವುದು, ತಾನೇ ಕರೆತರುವುದು. “ಗಿರಾಕಿ ಬರೂತನಕ ಮಾಲು ಕಾಯಾಕತ್ತಾನ,” ಎಂದು ಅಣ್ಣ ನಕ್ಕಿದ್ದ.

“ಮುತ್ಯಾಗ ಹೇಳು,” ಎಂದಳು ಕಲ್ಯಾಣಮ್ಮ ಈಗ, ಗೋಡೆಗೂ ಕೇಳುವಂತೆ. “ಮುಂಬೈ ಬ್ಯಾಡ. ಅಕ್ಕಲಕೋಟಾನೂ ರಾಜಧಾನೀನ. ಅರಮನಿ ಐತಿ, ಆನಿ ಐತಿ, ಮಾಮಾನ ಮನಿ ಐತಿ.”

“ಮುತ್ಯಾ, ಅವ್ವ ಏನಂತಾಳಂದ್ರ...”

“ಕೇಳಿಸ್ತು. ಅಕ್ಕಲಕೋಟ ಒಂದು ಬ್ಯಾಡ. ಪುಣಾ ಅನ್ನು, ವಿಜಾಪುರ ಅನ್ನು, ಎಲ್ಲಿಗರೆ ನಡೀರಿ.”

“ಯಾಕಂತ ಕೇಳು.”

ಪಡಸಾಲೆಯಲ್ಲಿ ಮುದುಕ ಕೆಮ್ಮಿದ. “ಕೂಸಿನ ಬಾಯಾಗ ಹಾಕೂ ಮಾತಲ್ಲ ಅದು.”

ನೆಪ ಸಿಗದಿದ್ದರೆ ಗಂಡಸರು ಹೀಗೇ ಕೆಮ್ಮುತ್ತಾರೆ ಎಂದುಕೊಂಡಳು ಕಲ್ಯಾಣಮ್ಮ. ಎದ್ದು ಹೋಗಿ ಬಾಗಿಲಲ್ಲಿ ನಿಂತು ಕೇಳಿಬಿಡಬಹುದಿತ್ತು. ಅರ್ಧ ಎದ್ದಳು ಕೂಡ. ಮತ್ತೆ ಸೆರಗು ಸರಿಮಾಡಿಕೊಂಡು ಕೂತು ರೊಟ್ಟಿ ಬಡಿದಳು.

ಸೋಮವಾರ ಮುಂಬೈಗೆ ಹೊರಡುವುದೆಂದಾಯಿತು. ಶನಿವಾರ ಸಾತಲಿಂಗಪ್ಪ ನೂಲು ನೋಡಲು ಬಾರ್ಶಿಗೆ ಹೋದ. ಅವನ ಟಾಂಗಾ ತಿರುವು ದಾಟುವುದೇ ತಡ, ಕಲ್ಯಾಣಮ್ಮ ಗುಟ್ಟಾಗಿ ಹೇಳಿಕಳಿಸಿದ್ದಂತೆ ಗೊಲ್ಲಾಳಪ್ಪನ ಟಾಂಗಾ ಬಾಗಿಲಿಗೆ ಬಂತು.

ಹೋದ ದೀಪಾವಳಿಗೆ ಹೆಂಡತಿ ತೀರಿಕೊಂಡಾಗಿನಿಂದ ಸೊರಗಿದ್ದ ಅಣ್ಣ, ಇಂದು ನುಣ್ಣಗೆ ಕ್ಷೌರ ಮಾಡಿಸಿಕೊಂಡಿದ್ದ. ನೀಲಗಂಗಾಳಿಗೆ ಹಸಿರು ಬಳೆ, ಇಳಕಲ್ ಸೀರೆ ತಂದಿದ್ದ.

“ರಾಜರ ಊರಿಗೆ ಹೊಂಟಾಳ, ಲಂಗದಾಗ ಹ್ವಾದ್ರ ಮಾಮಾನ ಮರ್ಯಾದಿ ಏನಾತು? ಉಡಸು. ಎರಡು ದಿನ ಅರಮನಿ, ಕೆರಿ ಎಲ್ಲಾ ನೋಡೂಣು. ಆಮ್ಯಾಲ ಅಲ್ಲೇ ಸಾಲಿಗೆ ಹಚ್ಚಿದರಾತು. ಮುದುಕ ಹೊಯ್ಕೊಳ್ಳಲಿ.”

ಕಲ್ಯಾಣಮ್ಮ ತಾನೇ ಉಡಿಸಿದಳು. ತಾನೇ ಎಣ್ಣೆ ಹಚ್ಚಿ ಜಡೆ ಹೆಣೆದಳು. ಎಷ್ಟೋ ದಿನದ ಮೇಲೆ ಅವಳ ಬಾಯಲ್ಲಿ ಹಾಡು ಬಂತು.

ರೈಲಿನಲ್ಲಿ ನೀಲಗಂಗಾಳ ಬಾಯಿಗೆ ಬಿಡುವಿಲ್ಲ. “ಮಾಮಾ, ಆನಿ ಮ್ಯಾಲ ಕುಂದರಸ್ತಾರೇನು?”

“ಆನಿ ಯಾಕವ್ವಾ? ನಾ ನಿನಗ ಕುದರಿ ಮ್ಯಾಲ ಮೆರಸ್ತೀನಿ.”

ಸ್ಟೇಷನ್ನಿನಿಂದ ಊರಿಗೆ ಮತ್ತೆ ಟಾಂಗಾ. ರಾಜರ ಸೀಮೆ ಹೊಕ್ಕಾಗ ಗೊಲ್ಲಾಳಪ್ಪ ದೊಡ್ಡದಾಗಿ ಉಸಿರು ಬಿಟ್ಟ. ದಣಿದಿದ್ದಾನೆ, ಪಾಪ, ಎನಿಸಿತು ತಂಗಿಗೆ.

ಅಣ್ಣನ ಮನೆ ಮುಂದೆ ಹಂದರ ಹಾಕಿತ್ತು. ಬಾಜಾದವರು ನೆರಳಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದರು. ಮದುವೆ ಮಾಡಿಸುವ ಅಯ್ಯನವರು ಬಸಯ್ಯ ಹೊರಗೆ ಬಂದು, ನೀಲಗಂಗಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಬ್ಬರು ಹೆಂಗಸರು “ಬಾರವ್ವಾ, ಅರಿಷಿಣ ಕಾದೈತಿ” ಎಂದು ಅವಳ ಕೈಹಿಡಿದು ಒಳಗೆ ಕರೆದೊಯ್ದರು. ಹುಡುಗಿ ತಿರುಗಿ ತಾಯಿಯತ್ತ ನೋಡಿ ನಕ್ಕಳು.

“ಯಾರ ಮದಿವಿ, ಅಣ್ಣಾ?”

ಅಣ್ಣ ಟಾಂಗಾದವನನ್ನು ಕಳಿಸುತ್ತಿದ್ದ.

“ಹತ್ತು ವರ್ಷದ ಕೂಸು ಅದು. ಫೌಜದಾರಗ ಹೇಳ್ತೀನಿ. ಎಲ್ಲಾರ್ನೂ ಜೇಲಿಗೆ ಹಾಕಸ್ತೀನಿ.”

“ಆ ಕಾಯದೆ ಇಂಗ್ರೇಜರ ಸೀಮೀದು, ತಂಗಿ,” ಎಂದ ಗೊಲ್ಲಾಳಪ್ಪ, ಸಣ್ಣ ಮಕ್ಕಳಿಗೆ ತಿಳಿಹೇಳುವಂತೆ. “ಸೊಲ್ಲಾಪುರದಾಗ ನಡೀತೈತಿ, ಪುಣಾದಾಗ ನಡೀತೈತಿ, ಮುಂಬೈದಾಗ ನಡೀತೈತಿ. ಇಲ್ಲಿ ನಡ್ಯಾಂಗಿಲ್ಲ. ನಿಮ್ಮ ಮಾವಗ ಅದು ಗೊತ್ತಿತ್ತು. ಅದಕ್ಕ ಅಂವ ಹುಡುಗೀನ್ನ ಈ ಕಡಿ ಹಾಯಗೊಡಲಿಲ್ಲ.”

ಕಲ್ಯಾಣಮ್ಮ ಹಂದರದಲ್ಲೆಲ್ಲ ಕಣ್ಣಾಡಿಸಿದಳು. “ಮತ್ತ ಬಂಡೆಪ್ಪನ ಮಗ? ಅಂವ ಇಲ್ಲಿಗೇ ಬಂದಾನೇನು?”

“ಬಂಡೆಪ್ಪಗ ಮಕ್ಕಳ ಇಲ್ಲ.”

ಹಾಗೆಂದು ಗೊಲ್ಲಾಳಪ್ಪ ಅಯ್ಯನವರ ಕೈಯಿಂದ ಬಾಸಿಂಗ ಇಸಿದುಕೊಂಡು ತನ್ನ ಹಣೆಗೆ ಕಟ್ಟಿಕೊಂಡ.