ರಸ್ತೆ ಬದಿಯ ಹೆಲ್ಮೆಟ್

ಹುಬ್ಬಳ್ಳಿಯಲ್ಲಿ ಚನ್ನವೀರಪ್ಪ ಅಂತ ಒಬ್ಬ ಹಾರ್ಡ್‌ವೇರ್ ವ್ಯಾಪಾರಿ... ಬೈಕ್ ಹುಚ್ಚು ಎಂದರೆ ಅಷ್ಟಿಷ್ಟಲ್ಲ. ಅಂಗಡಿಯ ಬೀಗದ ಕೈ ಮರೆತಾರು, ಬೈಕಿನ ಕೀ ಮರೆಯುವವರಲ್ಲ!

ಹಿಂದಿನ ಸೀಟಿನಲ್ಲಿ ಸದಾ ಹೆಂಡತಿ ಕಸ್ತೂರಿ. ಪಕ್ಕದಲ್ಲಿ ಇನ್ನೊಂದು ಬೈಕಿನಲ್ಲಿ ಬಾಲ್ಯದ ಗೆಳೆಯ ದಸ್ತಗೀರ್.

ಮೂವರದೂ ಒಂದೇ ಕನಸು... ಕೆನಡಾ ದೇಶವನ್ನು ಈ ಕಡಲಿನಿಂದ ಆ ಕಡಲಿನವರೆಗೆ ಬೈಕಿನಲ್ಲೇ ದಾಟಬೇಕು.

ವೀಸಾ ಬಂತು. ಆದರೆ ಅಷ್ಟರಲ್ಲಿ ಕಸ್ತೂರಿ ಕಾಯಿಲೆ ಬಿದ್ದು ಹೋಗಿಬಿಟ್ಟರು...

ಮಣ್ಣು ಮಾಡಿ ಬಂದ ದಿನವೂ ಚನ್ನವೀರಪ್ಪ ಅಳಲಿಲ್ಲ. ಯಾರು ಕೇಳಿದರೂ ಒಂದೇ ಉತ್ತರ.

"ನಾ ಆರಾಮ ಅದೀನಿ."

ಕೆಲವು ತಿಂಗಳ ನಂತರ ಗೆಳೆಯರಿಬ್ಬರೇ ಹೊರಟರು. ವ್ಯಾಂಕೂವರ್‌ನಲ್ಲಿ ಬಾಡಿಗೆ ಬೈಕ್ ಹಿಡಿದು, ಬೆಟ್ಟಗಳನ್ನು ದಾಟಿ, ಬಯಲಿಗೆ ಬಂದರು. ನಮ್ಮ ಅಣ್ಣಿಗೇರಿ ಕಡೆಯ ಎರೆಹೊಲದ ಹಾಗೆ ಕಣ್ಣು ಹಾಯಿಸಿದಷ್ಟೂ ಬಯಲು, ಬರೀ ಗೋಧಿ.

ಒಂದು ಬೆಳಿಗ್ಗೆ ಮೋಟೆಲ್ ಮುಂದೆ ದಸ್ತಗೀರ್ ತಡೆದರು.

"ಚನ್ನವೀರ, ನಿನ್ನ ಕಣ್ಣ ನೋಡ್ಕೋ, ಹೆಂಗ ಕೆಂಪಗಾಗ್ಯಾವ. ರಾತ್ರಿ ನಿದ್ದಿ ಮಾಡಂಗಿಲ್ಲ ನೀ. ನಿನ್ನೆ ಗಾಡಿ ಗೆರಿ ದಾಟಿ ಲಾರಿ ಎದುರಿಗೆ ಹೋಗಿತ್ತು... ಇವತ್ತ ಬ್ಯಾಡಪಾ."

"ನಾ ಆರಾಮ ಅದೀನಿ ಅಂದ್ನಲ್ಲ. ಅಂಜಿಕಿ ಆದ್ರ ನೀ ಊರಿಗೆ ಹೋಗು. ನಾ ಒಬ್ಬನ ಹೋಗ್ತೀನಿ."

ಹೇಳಿದವರೇ ಬೈಕ್ ಏರಿ ಹೊರಟೇಬಿಟ್ಟರು. ಸಿಟ್ಟಿನಲ್ಲಿ ಸ್ಪೀಡೂ ಹೆಚ್ಚಾಗಿತ್ತು.

ಮಧ್ಯಾಹ್ನ ಹೊಟ್ಟೆ ಹಸಿಯಿತು. ಹೈವೇ ಬದಿಗೆ ನಿಲ್ಲಿಸಿ, ಊರಿಂದ ತಂದ ಕಡಕ್ ರೊಟ್ಟಿಯ ಗಂಟನ್ನು ಹಿಂದಿನ ಸೀಟಿನ ಮೇಲೆ ಬಿಚ್ಚಿಟ್ಟರು. ಹೆಲ್ಮೆಟ್ಟನ್ನು ಕೆಳಗೆ ಜಲ್ಲಿಯ ಮೇಲಿಟ್ಟರು.

ಅದು ಕಸ್ತೂರಿ ಕಲಿಸಿದ ಪಾಠ. "ರೊಟ್ಟಿ ಗಂಟ ನೆಲಕ್ಕ ಇಡಬ್ಯಾಡ್ರಿ. ಬೇಕಾದ್ರ ನಿಮ್ಮ ಹೆಲ್ಮೆಟ್ ಇಡ್ರಿ!" ಅಂತ ಪ್ರತಿ ಟ್ರಿಪ್ಪಿನಲ್ಲೂ ಗದರುತ್ತಿದ್ದರು.

ಮೊದಲ ತುತ್ತು ಬಾಯಿಗೆ ಹೋಗಿರಲಿಲ್ಲ... ಒಂದು ಬೈಕ್ ಬಂದು ನಿಂತಿತು. ಗಂಡ ಹೆಂಡತಿ ಇಬ್ಬರೂ, "ಸರ್, ನೀವು ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೇನೆ."

ಅವರು ಹೋದರು. ಹಿಂದೆಯೇ ಗಡ್ಡದ ದೈತ್ಯನೊಬ್ಬ ಬಂದ. ನೀರು ಬೇಕೇ? ಪೆಟ್ರೋಲ್ ಬೇಕೇ?

ಬೇಡಪ್ಪಾ ಬೇಡ! ಒಬ್ಬ ಮನುಷ್ಯ ನೆಮ್ಮದಿಯಿಂದ ರೊಟ್ಟಿ ತಿನ್ನುವುದನ್ನು ಈ ದೇಶದವರು ನೋಡಿಯೇ ಇಲ್ಲವೇನೋ ಅನಿಸಿತು ಚನ್ನವೀರಪ್ಪನವರಿಗೆ.

ಕೊನೆಗೆ ಬೆಳ್ಳಿ ಕೂದಲಿನ ಅಜ್ಜಿಯೊಬ್ಬರು ಬಂದರು. ಡೋರೀನ್ ಅಂತ ಹೆಸರು. ಎಂಜಿನ್ ಆಫ್ ಮಾಡಿ, ಬೈಕಿನಿಂದ ಇಳಿದೇಬಿಟ್ಟರು.

"ಅಮ್ಮಾ, ಎಲ್ಲರೂ ಯಾಕೆ ಹೀಗೆ ನಿಂತು ಕೇಳುತ್ತಿದ್ದೀರಿ?"

ಅಜ್ಜಿ ನಕ್ಕರು. "ನೀವೇ ಕರೆದಿದ್ದೀರಲ್ಲ! ನಿಂತ ಬೈಕಿನ ಪಕ್ಕ ಹೆಲ್ಮೆಟ್ ನೆಲದ ಮೇಲಿದ್ದರೆ, ಸವಾರ ಕಷ್ಟದಲ್ಲಿದ್ದಾನೆ, ಸಹಾಯ ಬೇಕು ಅಂತ ನಮ್ಮಲ್ಲಿ ಅರ್ಥ. ನೋಡಿದವರು ಸುಮ್ಮನೆ ಹೋಗುವುದಿಲ್ಲ."

ಚನ್ನವೀರಪ್ಪನವರಿಗೂ ನಗು ಬಂತು. "ಇಲ್ಲಮ್ಮ... ಊಟವನ್ನು ನೆಲಕ್ಕಿಡಬಾರದು ಅಂತ ನನ್ನ ಹೆಂಡತಿ ಹೇಳಿದ್ದಳು. ಅದಕ್ಕೇ ಹೆಲ್ಮೆಟ್ ಇಟ್ಟೆ."

"ಓಹ್, ಜಾಣೆ. ಅವರೆಲ್ಲಿ?"

ಚನ್ನವೀರಪ್ಪ ಹಿಂದಿನ ಸೀಟನ್ನು ನೋಡಿದರು. ಅಲ್ಲಿ ರೊಟ್ಟಿಯ ಗಂಟು ಮಾತ್ರ ಇತ್ತು.

"ಹಾಗಾದರೆ... ನೀವು ನಿಜವಾಗಿ ಚೆನ್ನಾಗಿದ್ದೀರಾ?" ಅಜ್ಜಿ ಮೆಲ್ಲಗೆ ಕೇಳಿದರು.

ಎಂದಿನಂತೆ "ಚೆನ್ನಾಗಿದ್ದೇನೆ" ಅನ್ನಲು ಚನ್ನವೀರಪ್ಪ ಬಾಯಿ ತೆರೆದರು. ಆದರೆ ಆ ಬಯಲಿನಲ್ಲಿ ಕುಳಿತು ಮಗುವಿನಂತೆ ಅತ್ತರು.

ಡೋರೀನ್ ಉಪದೇಶ ಮಾಡಲಿಲ್ಲ. ಪಕ್ಕದಲ್ಲಿ ಕುಳಿತು, ಒಂದು ರೊಟ್ಟಿ ಮುರಿದು, ಅರ್ಧ ಅವರ ಕೈಗಿಟ್ಟು ಅರ್ಧ ತಾವು ತಿಂದರು.

ಅಷ್ಟರಲ್ಲಿ ಇನ್ನೊಂದು ಬೈಕ್ ಬಂತು. ದಸ್ತಗೀರ್! ಬೈಸಿಕೊಂಡರೂ ಬಿಡದೆ ಹಿಂದೆಯೇ ಬಂದಿದ್ದರು.

"ಏನಾತಲೇ? ಬಿದ್ದೇನು?"

"ದಸ್ತಗೀರ... ನಾ ಆರಾಮ ಇಲ್ಲಲೇ. ರಾತ್ರಿ ಕಣ್ಣ ಮುಚ್ಚಿದ್ರ ಅಕೀನ ಕಾಣ್ತಾಳ."

ದಸ್ತಗೀರ್ ತಮ್ಮ ಹೆಲ್ಮೆಟ್ ತೆಗೆದು ಗೆಳೆಯನ ಹೆಲ್ಮೆಟ್ ಪಕ್ಕದಲ್ಲಿ ನೆಲಕ್ಕಿಟ್ಟರು. ಅದರ ಅರ್ಥ ಅವರಿಗೆ ಗೊತ್ತಿರಲಿಲ್ಲ. ಗೆಳೆಯನ ಪಕ್ಕ ಕೂರಬೇಕಿತ್ತು, ಅಷ್ಟೇ.

"ನಾನೂ ಆರಾಮ ಇಲ್ಲಪಾ," ಅಂದರು. "ಕಸ್ತೂರಿ ವೈನಿ ಕೈ ರೊಟ್ಟಿ ಎಷ್ಟ ವರ್ಷ ತಿಂದಾಂವ ನಾ. ನೀನ ಅಳಲಿಲ್ಲ... ನಾ ಹೆಂಗ ಅಳಲಿ ಹೇಳು?"

ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಅತ್ತರು.

ಎರಡು ಹೆಲ್ಮೆಟ್ ನೋಡಿ ಮತ್ತೊಬ್ಬ ಸವಾರ ಬ್ರೇಕ್ ಹಾಕಿದ. ಡೋರೀನ್ ಎದ್ದು ಕೈ ಬೀಸಿದರು... "ನೀನು ಹೋಗಪ್ಪಾ. ಇವರಿಗೆ ಬೇಕಾದ ಸಹಾಯ ಬಂದಾಯಿತು."

ಆ ದಿನ ಅವರು ಮುಂದೆ ಹೋಗಲಿಲ್ಲ. ಹತ್ತಿರದ ಊರಿನಲ್ಲಿ ರೂಮ್ ಹಿಡಿದು, ಎಷ್ಟೋ ದಿನಗಳ ನಂತರ ಚನ್ನವೀರಪ್ಪ ಗಾಢವಾಗಿ ನಿದ್ದೆ ಮಾಡಿದರು. ಮುಂದೆ ಆ ಕಡೆಯ ಕಡಲನ್ನೂ ಇಬ್ಬರೂ ಜೊತೆಯಲ್ಲೇ ನೋಡಿದರು.

ಅವರ ಬಾಯಿ ಕೇಳದ ಸಹಾಯವನ್ನು ಕಸ್ತೂರಿ ಕಲಿಸಿದ ಅಭ್ಯಾಸವೇ ಕೇಳಿತ್ತು...

*ಹೆಲ್ಮೆಟ್ ಕೆಳಗಿಟ್ಟರೆ ತಾನೇ, ನಾವು ಯಾಕೆ ನಿಂತಿದ್ದೇವೆಂದು ಹಿಂದೆ ಬರುವವರಿಗೆ ತಿಳಿಯುವುದು!*

"ನಾನು ಆರಾಮ ಇಲ್ಲ" ಅಂತ ನೀವು ಕೊನೆಯ ಸಲ ಯಾರ ಮುಂದೆ ಹೇಳಿದ್ದು?