ಸಾವ್ಕಾರರ ಕಿಲೋ

"ಒಂದು ಕಿಲೋದ ಕಲ್ಲು ಕೊಡ್ರಿ ಸಾವ್ಕಾರ್ರ, ಒಂದು ತಾಸಿನ್ಯಾಗ ವಾಪಸ್ ತರ್ತೀನಿ" ಎಂದು ಅಬ್ದುಲ್ ಗನಿ ರಸ್ತೆ ದಾಟಿ ಬಂದು ಕೇಳಿದಾಗ, ಕಿರಾಣಿ ಅಂಗಡಿಯ ನಾಗೇಂದ್ರಪ್ಪ ಸಾಬಮ್ಮನಿಗೆ ಬೆಲ್ಲ ತೂಗುತ್ತಿದ್ದ. ಗನಿಯ ಹಿಂದೆಯೇ ನಾಗೇಂದ್ರಪ್ಪನ ಮಗ ಶಿವರಾಯನೂ ಬಂದು ನಿಂತ. "ನನ್ನ ಪಿಸ್ತೂಲಿಗೆ ಬೇಕಪ್ಪಾ. ಲಗೂ ಕೊಡು, ವಾಡಿ ಬಸ್ ಹೋಗ್ತದ, ಅಲ್ಲಿಂದ ರೈಲು ಹಿಡೀಬೇಕು."

ಚಿತ್ತಾಪುರದಲ್ಲಿ ಬಂದೂಕು ರಿಪೇರಿ ಮಾಡುವವನು ಗನಿ ಒಬ್ಬನೇ. ಶಿವರಾಯ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಗುರಿ ಸ್ಪರ್ಧೆಗೆ ಹೊರಟಿದ್ದ. ಅಲ್ಲಿ ಗೆದ್ದರೆ ಪೊಲೀಸ್ ಇಲಾಖೆಯಲ್ಲಿ ನೌಕರಿ. ವಯಸ್ಸಿನ ಮಿತಿ ಮುಗಿಯುವುದೂ ಅದೇ ವರ್ಷ. ಕ್ಲಬ್ಬಿನವರು ಕೊಟ್ಟ ಪಿಸ್ತೂಲಿನ ಕುದುರೆ, ಅಂದರೆ ಟ್ರಿಗರ್, ಬಿಗಿಯಾಗಿ, ಎಳೆಯುವಾಗ ಕೈ ಅದುರಿ ಗುರಿ ತಪ್ಪುತ್ತಿತ್ತು. ಸಡಿಲ ಮಾಡಬಹುದು, ಆದರೆ ಅದಕ್ಕೊಂದು ಮಿತಿ. ಸ್ಪರ್ಧೆಯ ದಿನ ಕುದುರೆಗೆ ಒಂದು ಕಿಲೋ ಭಾರ ನೇತುಹಾಕಿ ಪಿಸ್ತೂಲು ಎತ್ತಿ ನೋಡುತ್ತಾರೆ. ಭಾರ ತಡೆಯದೆ ಕುದುರೆ ಜಾರಿದರೆ ಆಟಗಾರ ಮನೆಗೆ.

"ಕುದರಿ ಹಿಡಿಯೋ ಒಳಗಿನ ಕಚ್ಚು ಅರಾ ಹಾಕಿ ಉಜ್ಜಬೇಕ್ರಿ" ಎಂದ ಗನಿ. "ಒಮ್ಮೆ ಉಜ್ಜಿದ ಉಕ್ಕು ತಿರುಗಿ ಬರಂಗಿಲ್ಲ. ಅದಕ್ಕ ಕಿಲೋ ಖರೆ ಕಿಲೋನೇ ಇರಬೇಕು. ನಿಮ್ಮ ಅಂಗಡಿದಂದ್ರ ನನಗ ಚಿಂತಿಲ್ಲ."

ನಾಗೇಂದ್ರಪ್ಪನ ಕೈ ತಕ್ಕಡಿಯ ಮೇಲೆಯೇ ನಿಂತಿತು. ಅವನ ಹತ್ತಿರ ಕಿಲೋಗಳು ಒಂದಲ್ಲ, ಎರಡು. ಸರ್ಕಾರಿ ಮುದ್ರೆಯ ಸಾಚಾ ಕಿಲೋ ದೇವರ ಜಗಲಿಯಲ್ಲಿ ವಿಭೂತಿ ಬಟ್ಟಲಿನ ಹಿಂದೆ ಕೂತಿರುತ್ತಿತ್ತು. ತೂಕದ ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಅದಕ್ಕೆ ಹೊರಗಿನ ಗಾಳಿ. ತಕ್ಕಡಿಯಲ್ಲಿದ್ದದ್ದು ಇನ್ನೊಂದು. ಅದರ ತಳದ ಸೀಸ ಕೆರೆದು ತೆಗೆದು, ಹಗುರವಾದ ಅರಗು ತುಂಬಿ, ಮೇಲೆ ಮಸಿ ಬಳಿದಿತ್ತು. ಯಾರಿಗೂ ಅನುಮಾನ ಬಂದಿರಲಿಲ್ಲ, ಯಾಕೆಂದರೆ ತೂಗಿದ ಮೇಲೆ ನಾಗೇಂದ್ರಪ್ಪ ಕೇಳದೆಯೇ ಒಂದು ಹಿಡಿ ಕೊಸರು ಹಾಕುತ್ತಿದ್ದ. ಬಜಾರದಲ್ಲಿ ಅವನಷ್ಟು ಧಾರಾಳಿ ಇನ್ನೊಬ್ಬನಿಲ್ಲ ಎಂದು ಸಾಬಮ್ಮನಂಥವರೇ ಹೊಗಳುತ್ತಿದ್ದರು.

'ತಡಿ, ಒಳಗಿಂದ ಬ್ಯಾರೆ ತರ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಸಾಬಮ್ಮ ಬೆಲ್ಲವನ್ನು ಸೆರಗಿಗೆ ಕಟ್ಟಿಕೊಳ್ಳುತ್ತ ಅಲ್ಲೇ ಇದ್ದಳು. 'ಇದಕ್ಕೇನಾಗ್ಯಾದ್ರಿ' ಎಂದು ಕೇಳಿಯೇ ಕೇಳುವ ಹೆಂಗಸು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ದೂರದ ಕಾಳಗಿ ಊರಿನವರೆಗೂ ಮುಟ್ಟುತ್ತಿತ್ತು. ಮಗ ಬೇರೆ ಎದುರಿಗೆ ಕೈಚಾಚಿ ನಿಂತಿದ್ದಾನೆ. ನಾಗೇಂದ್ರಪ್ಪ ಕಲ್ಲನ್ನು ಎತ್ತಿ ಕೊಟ್ಟುಬಿಟ್ಟ.

ಗನಿ ಖಾಲಿ ಪಿಸ್ತೂಲನ್ನು ನಳಿಗೆ ಮೇಲೆ ಮಾಡಿ ಹಿಡಿದು, ತಂತಿ ಸುತ್ತಿದ ಕಲ್ಲನ್ನು ಕುದುರೆಗೆ ನೇತುಹಾಕಿ ನಿಧಾನ ಎತ್ತುವುದು, ಬಿಚ್ಚಿ ಉಜ್ಜುವುದು, ಮತ್ತೆ ಎತ್ತುವುದು ನಾಗೇಂದ್ರಪ್ಪನಿಗೆ ತನ್ನ ಗಾದಿಯ ಮೇಲಿಂದ ಕಾಣುತ್ತಿತ್ತು. ಅರದ ಒಂದೊಂದು ಸಪ್ಪಳಕ್ಕೂ ಅವನು ಆ ಕಡೆ ನೋಡಿದ. ಏಳಬೇಕೆಂದುಕೊಂಡ. ಗಿರಾಕಿ ಬಂದರು, ಕೂತ.

"ಬರೋಬ್ಬರಿ ನಿಂತದ ನೋಡ್ರಿ ಸಾವ್ಕಾರ್ರ!" ಗನಿ ಅಲ್ಲಿಂದಲೇ ಕೂಗಿದ. "ಒಂದು ಗುಲಗಂಜಿ ಹೆಚ್ಚಿಲ್ಲ, ಕಮ್ಮಿ ಇಲ್ಲ!"

ಮಗನ ಹಣೆಗೆ ಹಚ್ಚಲು ಜಗಲಿಯಿಂದ ವಿಭೂತಿ ತೆಗೆಯುವಾಗ ಸಾಚಾ ಕಿಲೋ ನಾಗೇಂದ್ರಪ್ಪನ ಬೆರಳಿಗೆ ತಣ್ಣಗೆ ತಾಗಿತು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಇಷ್ಟು ಕಮ್ಮಿಯಿದ್ದರೆ ಏನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಆಗುವುದೆಲ್ಲ ಆಯಿತು. ಬೆಂಗಳೂರಿನಿಂದ ಬಂದ ಶಿವರಾಯ ಮನೆಗೆ ಹೋಗದೆ ನೇರ ಗನಿಯ ಅಂಗಡಿಗೆ ನುಗ್ಗಿದ.

"ಏನ್ ಮಾಡಿಟ್ಟಿ ಚಾಚಾ? ಅವರ ಕಿಲೋ ಕಟ್ಟಿ ಎತ್ತಿದಾಗೊಮ್ಮೆ ಕುದರಿ ಜಾರ್ತು! ಒಂದು ಗುಂಡು ಹೊಡೀಲಿಕ್ಕಿ ಬಿಡಲಿಲ್ಲ ನನಗ. ಕೈ ನಡಗ್ತಾವಂದ್ರ ಮೊದ್ಲೇ ಹೇಳಬೇಕಿತ್ತಿಲ್ಲ!"

ಜನ ಕೂಡಿದರು. "ಮುದುಕಗ ಕಣ್ಣು ಕಾಣಂಗಿಲ್ಲೋ" ಎಂದ ಒಬ್ಬ. "ಹಿಂಥವನ ಕೈಯಾಗ ಬಂದೂಕ ಕೊಡೂದು ಹ್ಯಾಂಗ?" ಎಂದ ಇನ್ನೊಬ್ಬ. ನಿಜಾಮನ ಕಾಲದಿಂದ ಈ ಸೀಮೆಯ ಬಂದೂಕುಗಳನ್ನೆಲ್ಲ ನೆಟ್ಟಗೆ ಮಾಡಿದ ಗನಿ, ತನ್ನ ಎರಡೂ ಕೈಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡ. "ಕಲ್ಲು ನಿಂತಿತ್ತಲ್ಲೋ ಬೇಟಾ. ನಾನೇ ನೋಡೀನಿ... ನಾನೇ ನೋಡೀನಲ್ಲ..." ಎಂದಷ್ಟೇ ಹೇಳಿದ.

ಎಲ್ಲರೂ ಕಲ್ಲು ಕೊಟ್ಟಿದ್ದ ನಾಗೇಂದ್ರಪ್ಪನ ಕಡೆ ತಿರುಗಿದರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವನು ನುಂಗಿದ. ಮೆಟ್ಟಿಲಿಳಿದು ಬಂದು ಮಗನ ರಟ್ಟೆ ಹಿಡಿದ.

"ಹೋಗ್ಲಿ ಬಿಡೋ. ಪಾಪ, ವಯಸ್ಸಾಗ್ಯಾದ ಮನಿಷಾಗ."

ಆ ಮಾತೇ ಸಾಕಾಯಿತು. ಗನಿಯ ಅಂಗಡಿಗೆ ಆಮೇಲೆ ಒಂದು ಬಂದೂಕೂ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವನು ಅರಗಳನ್ನೆಲ್ಲ ಗುಜರಿಗೆ ಹಾಕಿ, ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಕೊಡೆ, ಸ್ಟೋವ್ ರಿಪೇರಿಗೆ ಕೂತ. ಅಲ್ಲೂ ಒಂದೊಂದು ಮೊಳೆ ಹೊಡೆಯುವ ಮುಂಚೆ ಕೈಯನ್ನು ಕಣ್ಣಿನ ಹತ್ತಿರ ತಂದು, ನಡುಗುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದ.

ರಮ್ಜಾನ್ ಹಬ್ಬದ ಹಿಂದಿನ ದಿನ ಅವನು ನಾಗೇಂದ್ರಪ್ಪನ ಅಂಗಡಿಗೆ ಬಂದ. ಒಂದು ಕಿಲೋ ಅಕ್ಕಿ ಕೇಳಿದ. ಗಿರಾಕಿಗಳು ಸುತ್ತ ನಿಂತಿದ್ದರು. ನಾಗೇಂದ್ರಪ್ಪ ಅದೇ ಕಲ್ಲಿಟ್ಟು ತೂಗಿ ಚೀಲಕ್ಕೆ ಸುರಿದ. ಮೇಲೆ ಒಂದು ಹಿಡಿ ಕೊಸರು ಹಾಕಿದ. ಇನ್ನೊಂದು ಹಿಡಿ ಹಾಕಿದ. ಗನಿಯ ಮುಖ ನೋಡಲಾಗದೆ, ತಲೆ ತಗ್ಗಿಸಿ, ಎರಡೂ ಕೈಯಿಂದ ಬೊಗಸೆ ತುಂಬಿ ಎತ್ತಿದ.

ಗನಿ ಅವನ ಕೈ ಹಿಡಿದುಕೊಂಡ.

"ಸಾಕ್ರಿ ಸಾವ್ಕಾರ್ರ, ಇಷ್ಟ್ಯಾಕ? ಕೆಟ್ಟಿದ್ದು ನನ್ನ ಕೈ. ನಿಮ್ಮ ಕಿಲೋದೇನು ತಪ್ಪು ಅದ?"